ಕರಡಿಯ ತಲೆ ತೆಗೆಯಬಾರದು

ನನ್ನ ಗಂಡ ಕರಡಿಯಾಗಿದ್ದರು. ಊರಾಚೆಯ ಆಟದ ಪಾರ್ಕಿನಲ್ಲಿ ಕರಡಿಯ ವೇಷ ಹಾಕಿಕೊಂಡು ಮಕ್ಕಳಿಗೆ ಕೈ ಬೀಸುವುದು ಅವರ ಕೆಲಸ. ಆ ಕೆಲಸದಲ್ಲೇ ಸತ್ತರು. ಆಮೇಲೆ ಒಂದು ಸಲ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ.

ಅದಕ್ಕೂ ಮೊದಲು ಅವರು ಹಾಸಿಗೆ ಹೊಲಿಯುವ ಅಂಗಡಿಯಲ್ಲಿದ್ದರು. ಪಾರ್ಕಿನ ಕಚೇರಿಗೆ ಸೋಫಾ ಇಳಿಸಲು ಹೋದಾಗ ಅಲ್ಲಿನ ಸೂಪರ್‌ವೈಸರ್ ಇವರ ಭುಜ ನೋಡಿದನಂತೆ. ಕರಡಿಯ ವೇಷ ಎಲ್ಲಿಂದಲೋ ಹೊಲಿದು ಬಂದಿತ್ತು, ಒಳಗೆ ಹೋಗುವ ಮನುಷ್ಯ ಸಿಕ್ಕಿರಲಿಲ್ಲ. ಒಬ್ಬನಿಗೆ ಗಿಡ್ಡವಾದರೆ ಇನ್ನೊಬ್ಬನಿಗೆ ದೊಗಳೆ. ನಮ್ಮವರು ಕುಳ್ಳು, ಎದೆ ಅಗಲ. ಹಾಕಿ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮದುವೆಗೆ ಹೊಲಿಸಿದ ಅಂಗಿ ಕೂಡ ಅವರಿಗೆ ಹಾಗೆ ಕೂತಿರಲಿಲ್ಲ.

ಅತ್ತೆಗೆ ಬಹಳ ದಿನ ಹೇಳಿರಲಿಲ್ಲ. ಗೇಟು ಕಾಯುವ ಕೆಲಸ ಅಂದಿದ್ದರು. ಪಕ್ಕದ ಮನೆಯವರು ಪಾರ್ಕಿಗೆ ಹೋಗಿ ಬಂದು ಗುಟ್ಟು ರಟ್ಟು ಮಾಡಿದರು. ಆವತ್ತು ಅತ್ತೆ ಊಟ ಬಿಟ್ಟು ಕೂತರು.

"ನಾನು ಹೆತ್ತ ಮುಖಾನ ಮುಚ್ಕೊಂಡು ಹೊಟ್ಟೆ ಹೊರೀಬೇಕೇನೋ?"

"ಅಮ್ಮಾ, ಮನೇಲಿ ಬಾಯಿ ಬಡ್ಕೊಂಡ್ರೂ ನನ್ನ ಮಾತು ಯಾರೂ ಕೇಳಲ್ಲ. ಅಲ್ಲಿ ಬಾಯೇ ಬಿಡಲ್ಲ, ಜನ ಸಾಲು ನಿಲ್ತಾರೆ."

"ಮುಖ ಕಂಡಿದ್ರೆ ನಿಲ್ತಿರ್ಲಿಲ್ಲ ಬಿಡು," ಅಂದರು ಅತ್ತೆ. ಅವರಿಗೇ ನಗು ಬಂತು. ತಟ್ಟೆ ಎಳೆದುಕೊಂಡು ಉಂಡರು.

ಕರಡಿಯ ಕಣ್ಣು ಬರೀ ಗಾಜು. ಒಳಗಿರುವವನು ನೋಡುವುದು ಬಾಯಿಗೆ ಕಟ್ಟಿದ ಬಲೆಯಿಂದ. ಎದುರಿಗಿರುವುದು ಕಾಣುತ್ತದೆ, ಕಾಲ ಕೆಳಗಿರುವುದು ಕಾಣುವುದಿಲ್ಲ. ಪುಟ್ಟ ಮಕ್ಕಳು ಕಾಲಿಗೇ ಬಂದು ಅಂಟಿಕೊಳ್ಳುತ್ತವೆ. ಅದಕ್ಕೇ ಕರಡಿಯಾದವನು ಹೆಜ್ಜೆ ಎತ್ತಿ ಇಡಬಾರದು, ನೆಲಕ್ಕೆ ಉಜ್ಜಿಕೊಂಡೇ ನಡೆಯಬೇಕು. ಅಭ್ಯಾಸವಾಗಿ ನಮ್ಮವರು ಮನೆಯಲ್ಲೂ ಹಾಗೇ ನಡೆಯುತ್ತಿದ್ದರು. ಚಪ್ಪಲಿ ಮುಂದಿನಿಂದ ಸವೆಯುತ್ತಿತ್ತು. "ಹೇಗೂ ನೆಲ ಒರೆಸ್ತೀರಲ್ಲ, ಕಾಲಿಗೆ ಒಂದು ಬಟ್ಟೆ ಕಟ್ಕೊಳ್ರೀ," ಅನ್ನುತ್ತಿದ್ದೆ. ಮಗಳು ನಡೆಯಲು ಕಲಿತದ್ದೂ ಹಾಗೇ, ಕಾಲು ಎಳೆದುಕೊಂಡು. ಡಾಕ್ಟರಿಗೆ ತೋರಿಸಿದ್ದೆವು. ಕಾಲಿನಲ್ಲಿ ಏನೂ ಇಲ್ಲ, ಮನೆಯಲ್ಲಿ ಯಾರನ್ನು ನೋಡಿ ಕಲಿಯುತ್ತಿದೆ ಅಂತ ಕೇಳಿದರು. ಇವರು ಮೆಲ್ಲಗೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ತಲೆಯ ಕೊಂಡಿ ಕತ್ತಿನ ಹಿಂದೆ ಇರುತ್ತದೆ. ಆ ದಪ್ಪ ಪಂಜ ಹಾಕಿಕೊಂಡರೆ ತಾನೇ ಬಿಚ್ಚಿಕೊಳ್ಳಲು ಆಗುವುದಿಲ್ಲ. ಜೊತೆಗೊಬ್ಬ ಇರಲೇಬೇಕು. ಕೈ ಹಿಡಿದು ನಡೆಸುವುದು, ಜನರನ್ನು ಸಾಲು ಮಾಡುವುದು, ಕೊನೆಗೆ ಕ್ಯಾಂಟೀನಿನ ಹಿಂದೆ ಟಾರ್ಪಾಲಿನ ಮರೆಗೆ ಕರೆದೊಯ್ದು ಕೊಂಡಿ ಬಿಚ್ಚುವುದು ಅವನ ಕೆಲಸ. ನಮ್ಮವರ ಜೊತೆಗಿದ್ದವನು ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಎಲ್ಲರೂ ಹಾಗೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. ನನ್ನನ್ನು ಅತ್ತಿಗೆ ಅನ್ನುತ್ತಿದ್ದ.

ಪಾರ್ಕಿನ ಕಟ್ಟಳೆ ಎರಡೇ. ಕರಡಿ ಮಾತಾಡಬಾರದು. ಜನರ ಎದುರು ಕರಡಿಯ ತಲೆ ತೆಗೆಯಬಾರದು, ಏನೇ ಆಗಲಿ.

ಆಯಿತು. ಬಿಸಿಲು ಸುಡುವ ಮಧ್ಯಾಹ್ನ. ಪಾಳಿಗೆ ಆಮೇಲೆ ಸೇರಿಸಿಕೊಂಡಿದ್ದ ಇನ್ನೊಬ್ಬ ಬಂದಿರಲಿಲ್ಲ, ಅವನ ಸರದಿಯನ್ನೂ ಇವರೇ ಮಾಡುತ್ತಿದ್ದರು. ಸುತ್ತುವ ಕುದುರೆಗಳ ಮುಂದೆ ಕುಸಿದು ಕೂತರು. ಜನ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದರು. ಕೊಕ್ಕರೆ ಬಗ್ಗಿ ಅವರನ್ನು ಎಬ್ಬಿಸಿದ, ಹೆಗಲು ಕೊಟ್ಟ, ಕಸ ಗುಡಿಸುವ ಹೆಂಗಸನ್ನು ಇನ್ನೊಂದು ಪಕ್ಕಕ್ಕೆ ಕರೆದ. ಅಂಗಳದ ಉದ್ದಕ್ಕೂ ಎಳೆದುಕೊಂಡು ಹೋದರು. ಹೋಗುವಾಗ ಕೊಕ್ಕರೆ ಅವರ ಕೈ ಎತ್ತಿ ಹಿಡಿದು ಜನರಿಗೆ ಟಾಟಾ ಮಾಡಿಸಿದ. ಮಕ್ಕಳೂ ಟಾಟಾ ಮಾಡಿದವು. ಮರೆಗೆ ಹೋಗಿ ತಲೆ ತೆಗೆದಾಗ ಉಸಿರಿರಲಿಲ್ಲ.

ಇದನ್ನು ನನಗೆ ಹೇಳಿದ್ದು ಆ ಗುಡಿಸುವ ಹೆಂಗಸು. ಕೊಕ್ಕರೆ ಹೇಳಲಿಲ್ಲ. ಹೆಣದ ಹಿಂದೆ ಬಂದ, ಹೊಸ್ತಿಲ ಹೊರಗೇ ನಿಂತ, ಹೋದ. ಸೂಪರ್‌ವೈಸರ್ ಒಳಗೆ ಬಂದು ಕೂತ. "ಕೊನೇವರೆಗೂ ತಲೆ ತೆಗೀಲಿಲ್ಲಮ್ಮ, ಅಂಥಾ ನಿಯತ್ತು," ಅಂದ. ತೆಗೆಯಲು ಅವರ ಕೈಗೆ ಕೊಂಡಿ ಎಟುಕಿದ್ದರಲ್ಲವೆ? ಹೋಗುವಾಗ ಒಂದು ಕಾರ್ಡು ಕೊಟ್ಟ. ಮನೆಯವರೆಲ್ಲರಿಗೂ ಪಾರ್ಕು ಪುಕ್ಕಟೆ, ಜೀವ ಇರುವ ತನಕ. ಯಾರ ಜೀವ ಅಂತ ಅದರಲ್ಲಿ ಬರೆದಿರಲಿಲ್ಲ.

ಮಗಳಿಗೆ ಆಗ ಎರಡು ತುಂಬಿತ್ತು. ಅವಳ ಅಪ್ಪ ಅವಳನ್ನು ಕುಳ್ಳಿ ಅನ್ನುತ್ತಿದ್ದರು, ನಾವೂ ಹಾಗೇ. ಅವಳಿಗೆ ಅಪ್ಪ ಬೇರೆ, ಕರಡಿ ಬೇರೆ ಅಂತ ಇರಲೇ ಇಲ್ಲ. ಪಾರ್ಕಿಗೆ ಕರೆದೊಯ್ದಾಗೆಲ್ಲ ಕರಡಿ ಅವಳ ಮೂಗು ಮುಟ್ಟಿ ಹೋಗುತ್ತಿತ್ತು. "ಅಪ್ಪಾ!" ಅಂತ ಕಿರುಚುತ್ತಿದ್ದಳು. ಸಾಲಿನಲ್ಲಿದ್ದವರು ನಗುತ್ತಿದ್ದರು.

ಅಪ್ಪ ಎಲ್ಲಿ ಅಂತ ಅವಳು ಕೇಳಿದರೆ ಅತ್ತೆ ಒಂದೇ ಉತ್ತರ ಕೊಡುತ್ತಿದ್ದರು. "ಕರಡಿ ಕೆಲ್ಸಕ್ಕೆ ಹೋಗಿದಾನೆ ಬಂಗಾರಿ, ಬರ್ತಾನೆ." ಮಗು ಸಂಜೆಯಾದರೆ ಬಾಗಿಲ ಹತ್ತಿರ ಹೋಗಿ ಕೂರುತ್ತಿತ್ತು. ತುತ್ತು ಇಟ್ಟರೆ ಬಾಯಿ ತಿರುಗಿಸುತ್ತಿತ್ತು. ಅಪ್ಪ ಬಂದ ಮೇಲೆ ತಿಂತೀನಿ ಅನ್ನುತ್ತಿತ್ತು. ಅಲ್ಲೇ ಒರಗಿ ನಿದ್ದೆ ಹೋಗುತ್ತಿತ್ತು. ಮೈ ಇಳಿದು ಕೈ ಕಡ್ಡಿಯಾಯಿತು.

"ಹೇಳಿಬಿಡೋಣ ಅತ್ತೆ," ಅಂದೆ.

"ಏನಂತ ಹೇಳ್ತೀಯೇ? ಸಾವು ಅಂದ್ರೆ ಅದಕ್ಕೇನು ಗೊತ್ತು?"

"ಬರ್ತಾನೆ ಅಂದ್ರೆ ಗೊತ್ತಾಗುತ್ತಲ್ಲ. ಅದನ್ನಾದ್ರೂ ನಿಲ್ಸಿ."

"ಕಲ್ಲು ಕಣೇ ನೀನು."

ನಾನು ಹೇಳಿಯೂ ನೋಡಿದೆ. ಅಪ್ಪ ಇಲ್ಲ, ಬರುವುದಿಲ್ಲ ಅಂದೆ. ಮಗು ಹೋಗಿ ಅಜ್ಜಿಯನ್ನು ಕೇಳಿತು. ಅಜ್ಜಿ ಬರ್ತಾನೆ ಅಂದರು. ಮಗು ಅಜ್ಜಿಯನ್ನು ನಂಬಿತು. ಕಹಿಯ ಮಾತನ್ನು ಯಾರು ತಾನೇ ಮೊದಲು ನಂಬುತ್ತಾರೆ.

ಅತ್ತೆಯೇ ಒಂದು ದಿನ ಪಾರ್ಕಿಗೆ ಹೋಗೋಣ ಅಂದರು. ಕರಡಿಯನ್ನು ನೋಡಿದರೆ ಮಗು ಎರಡು ತುತ್ತು ತಿಂದೀತು ಅನ್ನುವುದು ಅವರ ಲೆಕ್ಕ. ನಾನು ಹೂಂ ಅಂದೆ. ನನ್ನ ಲೆಕ್ಕ ಬೇರೆ ಇತ್ತು. ವೇಷದೊಳಗೆ ಅಪ್ಪ ಇಲ್ಲ ಅಂತ ಅವಳು ಕಣ್ಣಾರೆ ನೋಡಬೇಕು. ನೋಡಿದರೆ ಬಾಗಿಲು ಬಿಟ್ಟು ಏಳುತ್ತಾಳೆ. ಅತ್ತೆಗೆ ಅದನ್ನು ಹೇಳಲಿಲ್ಲ.

ಬಸ್ಸಿನಲ್ಲಿ ಮಗು ವಾಂತಿ ಮಾಡಿಕೊಂಡಿತು. ಗೇಟಿನಲ್ಲಿ ಕಾರ್ಡು ತೋರಿಸಿದೆ. ಗೇಟಿನವನು ಹೊಸಬ. "ಜೀವಮಾನದ ಪಾಸಾ? ಅದೃಷ್ಟವಂತ್ರು ಬಿಡಿ," ಅಂದ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು, ನಾನು ಏನಾದರೂ ಅಂದೇನು ಅಂತ.

ಒಳಗೆ ಎಲ್ಲ ಹಾಗೇ ಇತ್ತು. ನೀರಿನ ಜಾರುಬಂಡೆಯಿಂದ ಕಿರುಚಾಟ, ಸುಟ್ಟ ಸಕ್ಕರೆಯ ವಾಸನೆ, ಒದ್ದೆ ನೆಲ. ಮಗು ನನ್ನ ಬೆರಳು ಎಳೆಯುತ್ತ ಹೊರಟಳು. ದಾರಿಯಲ್ಲಿ ದೊಡ್ಡ ಟೀ ಕಪ್ಪುಗಳು ಗಿರಗಿರ ತಿರುಗುವ ಆಟ ಕಂಡು ಕೂರುತ್ತೇನೆ ಅಂತ ಹಟ ಹಿಡಿದಳು. ಅಲ್ಲಿ ಎತ್ತರ ಅಳೆಯುವ ಹಲಗೆ ಇತ್ತು. ಗೆರೆಗಿಂತ ಕೆಳಗಿದ್ದಳು. ಕೂರಿಸಲು ಆಗುವುದಿಲ್ಲ ಅಂದರು. ನೆಲದ ಮೇಲೆ ಹೊರಳಿ ಅತ್ತಳು. ಒಂದು ಕಾಲಿನ ಶೂ ಎಲ್ಲೋ ಹೋಯಿತು. ಅತ್ತೆ ಹುಡುಕಲು ಹೋದರು, ನಾನು ಅವಳನ್ನು ಸೊಂಟಕ್ಕೆ ಹಾಕಿಕೊಂಡು ನಿಂತೆ. ಬೇರೆಯವರ ಮಕ್ಕಳನ್ನು ಅವರ ಅಪ್ಪಂದಿರು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದರು. ಒಬ್ಬೊಬ್ಬರನ್ನೂ ಹಿಡಿದು ಬೈಯಬೇಕು ಅನ್ನಿಸಿತು.

ಅತ್ತೆ ಶೂ ಹಿಡಿದು ಬರುವ ಹೊತ್ತಿಗೆ ಕರಡಿ ಬಂತು.

ವೇಷ ಅದೇ. ಎಡಗೈ ಕಂಕುಳಲ್ಲಿ ನಾನೇ ಹಾಕಿಕೊಟ್ಟ ಹೊಲಿಗೆ ಇತ್ತು. ಆದರೆ ಒಳಗಿದ್ದವನಿಗೆ ಅದು ಗಿಡ್ಡ. ಕರಡಿಯ ಕಾಲ ಕೆಳಗೆ ಮನುಷ್ಯನ ಕಣಕಾಲು ಕಾಣುತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಕೊಕ್ಕರೆ.

ಮಗು ನನ್ನ ಸೊಂಟದಿಂದ ಜಾರಿ ಓಡಿತು. "ಅಪ್ಪಾ! ಅಪ್ಪಾ!" ಹೋಗಿ ಕಾಲು ತಬ್ಬಿಕೊಂಡಿತು. ಕರಡಿ ಅಲ್ಲೇ ನಿಂತಿತು. ಬಲೆಯಿಂದ ನನ್ನನ್ನು ಕಂಡಿರಬೇಕು. ಒಂದು ಹೆಜ್ಜೆ ಹಿಂದೆ ಸರಿಯಲು ನೋಡಿತು. ಮಗು ಬಿಡಲಿಲ್ಲ.

"ಅಪ್ಪ, ಮನೆಗ್ ಬಾ. ಬಾ ಅಪ್ಪ."

ಅತ್ತೆಯ ಮುಖ ಅರಳಿತ್ತು. ಹತ್ತಿರ ಹೋಗಿ ವೇಷದ ತೋಳು ಸವರಿದರು. "ನೋಡೇ, ಹೇಗೆ ನಗ್ತಿದೆ ಮಗು," ಅಂದರು. ಮಗುವಿನ ಕಡೆ ಅವರು ನೋಡುತ್ತಲೇ ಇರಲಿಲ್ಲ. ಮೂಗನ್ನು ಆ ತೋಳಿಗೆ ಒತ್ತಿಕೊಂಡಿದ್ದರು.

ನಾನು ಹೋಗಿ ಕರಡಿಯ ಎದುರು ನಿಂತೆ. "ಕೊಕ್ಕರೆ, ತಲೆ ತೆಗಿ."

ಕರಡಿ ತಲೆ ಅಲ್ಲಾಡಿಸಿತು. ಜೊತೆಗಿದ್ದ ಹುಡುಗಿ ನಡುವೆ ಬಂದಳು. "ಅಕ್ಕಾ, ಫೋಟೋಗೆ ಸಾಲಲ್ಲಿ ಬನ್ನಿ."

"ನಂಗೆ ಫೋಟೋ ಬೇಡ. ತಲೆ ತೆಗಿ, ಮಗು ನೋಡ್ಲಿ."

"ಏನೇ ಬಂದಿದೆ ನಿಂಗೆ?" ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ನಗ್ತಿರೋ ಮಗೂನ ಅಳಿಸ್ತೀಯಾ? ಇದಕ್ಕಾ ಕರ್ಕೊಂಡ್ ಬಂದಿದ್ದು?"

"ಹೌದು, ಇದಕ್ಕೇ."

ಆಗ ಕರಡಿ ಮಾತಾಡಿತು. ಬಟ್ಟೆಯೊಳಗಿಂದ ಸಣ್ಣ ದನಿ. "ಆಗಲ್ಲ ಅತ್ತಿಗೆ. ಕೆಲ್ಸ ಹೋಗುತ್ತೆ."

"ಅವತ್ತೂ ಹೀಗೇ ಅಂದ್ಕೊಂಡ್ಯಾ?"

ಸಾಲಿನವರು ಹೊತ್ತಾಯಿತು ಅಂತ ಗೊಣಗುತ್ತಿದ್ದರು. ಕರಡಿ ನಿಧಾನವಾಗಿ ಮೊಣಕಾಲೂರಿತು, ಕತ್ತು ಬಗ್ಗಿಸಿತು. ನನಗೆ ಕೊಂಡಿ ಎಟುಕಲಿ ಅಂತ.

ಬಿಚ್ಚಿದೆ. ಎಷ್ಟು ಸುಲಭ ಇತ್ತು ಅದು. ಒಂದು ಬೆರಳಿನ ಕೆಲಸ. ಅವತ್ತು ಅಲ್ಲಿ ಎಷ್ಟು ಜನರಿಗೆ ಬೆರಳಿರಲಿಲ್ಲ?

ತಲೆ ಎತ್ತಿ ತೆಗೆದೆ. ಸಾಲಿನಲ್ಲಿದ್ದ ಮಕ್ಕಳು ಹೋ ಅಂತ ಅಳಲು ಶುರು ಮಾಡಿದವು. ತಾಯಂದಿರು ಅವುಗಳ ಕಣ್ಣು ಮುಚ್ಚಿದರು, ಒಬ್ಬಳು ನನಗೆ ಹುಚ್ಚಿ ಅಂದಳು. ಕೊಕ್ಕರೆಯ ಮುಖ ಬೆವರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಕಣ್ಣು ತೆರೆಯಲಿಲ್ಲ.

ನನ್ನ ಮಗಳು ಅಳಲಿಲ್ಲ. ಅವನ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ತಲೆಯೊಳಗೆ ಬಗ್ಗಿ ನೋಡಿದಳು. ಕೈ ಹಾಕಿ ತಡಕಿದಳು, ಡಬ್ಬಿಯ ತಳದಲ್ಲಿ ತಿಂಡಿ ಹುಡುಕುವ ಹಾಗೆ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಅಪ್ಪ ಎಲ್ಲಿ?"

ಅತ್ತೆ ಬಾಯಿ ತೆರೆದರು. "ಕೆಲ್ಸಕ್ಕೆ" ಅನ್ನುವಷ್ಟರಲ್ಲಿ ನಿಂತರು. ಆ ಕೆಲಸ ಎದುರಿಗೇ ಮಂಡಿಯೂರಿ ಕೂತಿತ್ತು, ಬೇರೆಯವನ ಮುಖ ಇಟ್ಟುಕೊಂಡು. ಮಗು ಮತ್ತೆ ಕೇಳಿತು.

"ಇಲ್ಲ ಬಂಗಾರಿ," ಅಂದರು ಅತ್ತೆ. "ಸತ್ತೋದ. ನನ್ನ ಮಗ ಸತ್ತೋದ ಕಣೇ."

ನನ್ನ ಕೈಯಿಂದ ತಲೆ ಕಿತ್ತುಕೊಂಡು ನೆಲಕ್ಕೆ ಕೂತರು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳಲು ಶುರು ಮಾಡಿದರು. ಹೆಣ ಎತ್ತುವಾಗಲೂ ಹಾಗೆ ಅತ್ತಿರಲಿಲ್ಲ. ಜನ ಫೋನು ಎತ್ತಿ ಹಿಡಿದರು. ಸೂಪರ್‌ವೈಸರ್ ಓಡಿ ಬಂದ. ಮೊದಲು ಕೊಕ್ಕರೆಗೆ ನಡಿ ಒಳಗೆ ಅಂದ. ಕೊಕ್ಕರೆ ಕತ್ತಿನ ತನಕ ಕರಡಿಯಾಗಿ ಎಲ್ಲರ ನಡುವೆ ನಡೆದು ಹೋದ. ಕಾಲು ಎತ್ತಿ ಎತ್ತಿ ಇಡುತ್ತಿದ್ದ.

"ಅಮ್ಮಾ, ತಲೆ ಕೊಡಿ. ಜನ ನೋಡ್ತಿದಾರೆ."

"ನೋಡ್ಲಿ. ಇದರೊಳಗೆ ನನ್ನ ಮಗ ಹೋಗಿದಾನೆ."

"ಪಾರ್ಕಿನ ಸಾಮಾನು ಅದು."

ಎಳೆದ. ಅತ್ತೆ ಬಿಡಲಿಲ್ಲ. ಇಬ್ಬರೂ ಕರಡಿಯ ಒಂದೊಂದು ಕಿವಿ ಹಿಡಿದಿದ್ದರು. ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ. ನಾನೇ ಅತ್ತೆಯ ಬೆರಳು ಬಿಡಿಸಿದೆ. ಅವರು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕೊಕ್ಕರೆಯ ಕೆಲಸ ಅವತ್ತೇ ಹೋಯಿತಂತೆ. ಅದಕ್ಕೆ ಬೇಸರ ಇಲ್ಲ ಅಂದರೂ ಸುಳ್ಳು, ಇದೆ ಅಂದರೂ ಸುಳ್ಳು.

ಮಗು ಉಚ್ಚೆ ಅಂದಳು. ಇಬ್ಬರನ್ನೂ ಕರೆದುಕೊಂಡು ಕಕ್ಕಸಿಗೆ ಹೋದೆ. ಮಗುವನ್ನು ಕೂರಿಸಿದೆ, ಅತ್ತೆಯ ಮುಖ ತೊಳೆಸಿದೆ, ಅಲ್ಲೇ ಕಟ್ಟೆಯ ಮೇಲೆ ಕೂತು ತಂದಿದ್ದ ಬ್ರೆಡ್ಡು ಬಿಚ್ಚಿದೆ. ಮಗು ಕೈ ಚಾಚಿ ಒಂದು ತುಂಡು ತೆಗೆದುಕೊಂಡಳು. ಯಾರನ್ನೂ ಕೇಳದೆ ತಿಂದಳು. ಇನ್ನೊಂದು ತಿಂದಳು. ನಾನು ಬಯಸಿದ್ದು ಇದನ್ನೇ. ಆದರೂ ಅವಳು ಅಗಿಯುವುದನ್ನು ನೋಡುತ್ತಿದ್ದರೆ ಹೊಟ್ಟೆ ಉರಿಯಿತು. ಇಷ್ಟು ಬೇಗ ಬಿಟ್ಟುಬಿಟ್ಟಳೇ ಅಪ್ಪನನ್ನು ಅಂತ.

ಹೊರಗೆ ಬಂದೆವು. ಕುದುರೆಗಳ ಮುಂದೆ ಕರಡಿ ನಿಂತು ಕೈ ಬೀಸುತ್ತಿತ್ತು. ಒಳಗೆ ಯಾರನ್ನೋ ತುರುಕಿದ್ದರು. ಸಾಲು ಮತ್ತೆ ಉದ್ದ ಬೆಳೆದಿತ್ತು. ಅತ್ತಿದ್ದ ಮಕ್ಕಳು ಅದರಲ್ಲೇ ನಿಂತಿದ್ದವು, ನಗುತ್ತಿದ್ದವು.

ಮಗು ಒಂದು ಸಲ ನೋಡಿದಳು, ನನ್ನ ಬೆರಳು ಹಿಡಿದು ಗೇಟಿನ ಕಡೆ ನಡೆದಳು. ನಿಂತವರು ಅತ್ತೆ. ಬನ್ನಿ ಅತ್ತೆ, ಬಸ್ಸು ಹೋಗುತ್ತೆ ಅಂದೆ. ಬರಲಿಲ್ಲ. ಕರಡಿ ಅವರ ಕಡೆಗೂ ಒಮ್ಮೆ ಕೈ ಬೀಸಿತು. ಅತ್ತೆ ಕೈ ಎತ್ತಿದರು, ಬೀಸಿದರು. ಆಮೇಲೆ ಬಂದರು.