ಎಡಗಾಲಿಗೆ ಎಣ್ಣೆ ಬೇಡ
ಮಗಳು ಹುಟ್ಟಿದ ಮೇಲೆ ಹೊನ್ನಾವರದ ಕಡಲ ದಂಡೆಯ ತವರುಮನೆಯಲ್ಲಿ ನನಗೆ ಹೆಸರೇ ಇಲ್ಲವಾಯಿತು, ಬರೀ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಸ್ತಿಲು ದಾಟುವಂತಿಲ್ಲ. ಬೆಳಿಗ್ಗೆ ಎಣ್ಣೆ ಹಚ್ಚುವ ಅಜ್ಜಿ ಬಂದು ಮೈಯೆಲ್ಲ ತಿಕ್ಕಿ ಸುಡುಸುಡು ನೀರು ಹೊಯ್ಯುತ್ತಿದ್ದಳು. ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನಮ್ಮನ ಬಾಣಂತನ ಮಾಡಿದವಳೂ ಅವಳೇ.

ಆದರೆ ಒಂದು ಬೆಳಿಗ್ಗೆ ಎಡಗಾಲಿನ ಮೀನಖಂಡ ಬಿಗಿದುಕೊಂಡಿತ್ತು. ಬಲಗಾಲಿಗಿಂತ ದಪ್ಪ, ಮುಟ್ಟಿದರೆ ಬಿಸಿ. ವಾಯು ಹಿಡಿದಿದೆ ಎಂದ ಅಜ್ಜಿ ಅಲ್ಲಿಗೇ ಇನ್ನಷ್ಟು ಎಣ್ಣೆ ಸುರಿದು ಹೆಬ್ಬೆರಳಿನಿಂದ ಒತ್ತಿದಳು. ನಾನು ಕಿರುಚಿದೆ. ಅಮ್ಮ ಕಾಲು ಅಲುಗದಂತೆ ಹಿಡಿದುಕೊಂಡಳು. ಹೆರಿಗೆ ನೋವನ್ನೇ ತಿಂದವಳಿಗೆ ಇದೆಂಥ ನೋವು ಎಂದು ಇಬ್ಬರೂ ನಕ್ಕರು.

ನನಗೆ ನಗು ಬರಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಹೇಳಿದ್ದು ನೆನಪಾಯಿತು: ಒಂದೇ ಕಾಲು ಊದಿಕೊಂಡರೆ ತಿಕ್ಕಬೇಡಿ, ಕೂಡಲೇ ಬನ್ನಿ, ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮರುದಿನ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದಾಗ ಕಾಲು ಹಿಂದಕ್ಕೆ ಎಳೆದುಕೊಂಡೆ.

"ಈ ಕಾಲು ಮುಟ್ಟೂದು ಬ್ಯಾಡ. ನಾ ಡಾಕ್ಟ್ರ ಹತ್ರ ಹೋಗೂದೇ."

ಅಬ್ಬಬ್ಬಾ, ಮನೆಯವರೆಲ್ಲ ಮೈಮೇಲೆ ಬಿದ್ದರು. ಗಂಡ ಬೋಟಿನಲ್ಲಿ ಮೀನಿಗೆ ಹೋಗಿದ್ದ, ಅವನು ಬರಲಿ ಅಂದರು. ಹಸಿ ಮೈಗೆ ಗಾಳಿ ತಾಗುತ್ತದೆ, ಮಗುವಿಗೆ ದೃಷ್ಟಿಯಾಗುತ್ತದೆ ಅಂದರು. ನಾನು ಸತ್ತರೆ ಮಗುವಿಗೆ ಹಾಲು ಯಾರು ಕೊಡುತ್ತೀರಿ ಎಂದು ಕೇಳಿದೆ. ನಾನೇ ರಿಕ್ಷಾಕ್ಕೆ ಫೋನು ಮಾಡಿ ಕುಂಟುತ್ತ ಹೊರಬಿದ್ದೆ. ಅಮ್ಮ ಮುಖ ಗಂಟಿಕ್ಕಿಕೊಂಡು, ಮಗುವನ್ನೆತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು.

ಹೊನ್ನಾವರದ ಡಾಕ್ಟರು ಕಾಲು ನೋಡಿದವರೇ ಕುಮಟಾಕ್ಕೆ ಡಾಪ್ಲರ್ ಸ್ಕ್ಯಾನಿಗೆ ಕಳಿಸಿದರು. ಅಲ್ಲಿ ಕಿವಿಯ ಹತ್ತಿಯನ್ನೂ ತೆಗೆಯದೆ ಮಲಗಿದೆ. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ತಣ್ಣನೆಯ ಜೆಲ್ ಹಚ್ಚಿ, ಮೊದಲು ಬಲಗಾಲಿನ ಮೇಲೆ ಯಂತ್ರದ ಹಿಡಿಯನ್ನು ಒತ್ತಿ ತೋರಿಸಿದರು. ತೊಂದರೆಯಿಲ್ಲದ ರಕ್ತನಾಳ ಒತ್ತಿದರೆ ಚಪ್ಪಟೆಯಾಗುತ್ತದೆಯಂತೆ. ಪರದೆಯ ಮೇಲಿನ ಕಪ್ಪು ಉಂಗುರ ಮುಚ್ಚಿಕೊಂಡಿತು. ಎಡಗಾಲಿನದು ಎಷ್ಟು ಒತ್ತಿದರೂ ಮುಚ್ಚಲಿಲ್ಲ. ರಕ್ತ ಹರಿಯುವಲ್ಲಿ ಬಣ್ಣ ಕಾಣಬೇಕಿತ್ತು, ಅದೂ ಇಲ್ಲ.

ಕಾಲು ತಿಕ್ಕಿದ್ದೀರಾ ಎಂದು ಅವರು ಕೇಳಿದರು. ಅಮ್ಮ ಥಟ್ಟನೆ ಇಲ್ಲ ಅಂದಳು. ನನ್ನ ಸಿಟ್ಟು ನೆತ್ತಿಗೇರಿತು. ತಿಕ್ಕಿದ್ದಾರೆ, ಅಲುಗದಂತೆ ಹಿಡಿದುಕೊಂಡಿದ್ದು ಇವಳೇ ಅಂದೆ. ಡಾಕ್ಟರಮ್ಮ ಬಯ್ಯಲಿಲ್ಲ. ರಕ್ತ ಹೆಪ್ಪುಗಟ್ಟಿದೆ, ಇನ್ನೊಮ್ಮೆ ತಿಕ್ಕಿದ್ದರೆ ಮಗಳು ನಿಮ್ಮ ಕೈಗೆ ಸಿಗುತ್ತಿದ್ದಳೋ ಇಲ್ಲವೋ ಎಂದಷ್ಟೇ ಅಮ್ಮನಿಗೆ ಹೇಳಿದರು.

ಆ ದಿನವೇ ಅಡ್ಮಿಟ್ ಮಾಡಿಕೊಂಡು, ಹೆಪ್ಪು ಬೆಳೆಯದಂತೆ ಹೊಟ್ಟೆಗೆ ಇಂಜೆಕ್ಷನ್ ಶುರುಮಾಡಿದರು. ಸಂಜೆ ಮಗು ಹಾಲು ಕುಡಿದು ಮಲಗಿತು. ಅಮ್ಮ ಮಂಚದ ಮೇಲೆ ನನ್ನ ಕಾಲ ಬುಡದಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಕೈ ಅಭ್ಯಾಸದಂತೆ ನನ್ನ ಕಾಲಿನ ಕಡೆ ಬಂದು ನಡುವೆಯೇ ನಿಂತಿತು. ಹುಟ್ಟಿದಾಗಿನಿಂದ ನನ್ನನ್ನು ಮುಟ್ಟಲು ಅವಳು ಯಾರನ್ನೂ ಕೇಳಿದವಳಲ್ಲ.

"ಮುಟ್ಟಲಾ?" ಅಂದಳು.

ಬೇಡ ಅಂದೆ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.