ಗೋಡೆಯಾಚೆಯ ಗಾಳಿ

ಕಂಪ್ಲಿಯ ಹೊರಗೆ, ಕಬ್ಬಿನ ತೋಟದ ನಡುವೆ ದೊರೆಯ ಬಂಗಲೆಯಿತ್ತು. ಅದರ ಹಿಂದಿನ ಪಡಸಾಲೆಯಲ್ಲಿ ಕುಳಿತು ಪಂಖಾ ಎಳೆಯುವುದು ಮೂಕಣ್ಣನ ಕೆಲಸ. ಊಟದ ಕೋಣೆಯ ಸೂರಿಗೆ ತೂಗುಬಿಟ್ಟ ಬಟ್ಟೆಯ ಪಂಖಾದ ಹಗ್ಗ ಗೋಡೆಯ ತೂತಿನಿಂದ ಹೊರಬಂದು ಅವನ ಕೈ ಸೇರುತ್ತಿತ್ತು. ಮೀಸೆ ಮೂಡುವ ಮೊದಲೇ ಹಿಡಿದ ಹಗ್ಗ ಅದು. ತಲೆ ನರೆತರೂ ಆ ಕೋಣೆಯೊಳಗೆ ಅವನು ಕಾಲಿಟ್ಟಿರಲಿಲ್ಲ. ಒಳಗಿನ ಕೆಲಸಕ್ಕೆ ಬೇರೆ ಆಳುಗಳಿದ್ದರು. ಬೇಸಿಗೆಯ ಮಧ್ಯಾಹ್ನ ಬೆವರು ಕಣ್ಣಿಗಿಳಿಯುವಾಗ, ತಾನೇ ಎಬ್ಬಿಸಿದ ಗಾಳಿ ಗೋಡೆಯಾಚೆ ಹೇಗಿರಬಹುದೆಂದು ಯೋಚಿಸುತ್ತಿದ್ದ. ಒಮ್ಮೆಯಾದರೂ ಆ ಪಂಖಾದ ಕೆಳಗೆ ನಿಲ್ಲಬೇಕೆಂಬ ಆಸೆ ವರ್ಷ ಕಳೆದಂತೆ ಬಲಿಯಿತು. ಮನೆಯಲ್ಲಿ ಹೆಂಡತಿ ಗಾಳೆಮ್ಮ ಪಂಖಾ ಹೇಗಿದೆಯೆಂದು ಕೇಳಿದರೆ ಮಾತ್ರ, "ಅಂಚಿಗೆಲ್ಲಾ ಜರಿ ಐತಿ" ಎಂದು ಬಡಾಯಿ ಕೊಚ್ಚುತ್ತಿದ್ದ.

ದೊರೆ ತೀರಿಕೊಂಡ ಮೇಲೆ, ಮದ್ರಾಸಿನಲ್ಲಿದ್ದ ಅವನ ತಂಗಿ ಬಂಗಲೆಯನ್ನು ಇದ್ದಂತೆಯೇ ಉಳಿಸಿ, ಸಂತೆಯ ದಿನ ಜನರ ನೋಟಕ್ಕೆ ತೆರೆಸಿದಳು. ಮೂಕಣ್ಣನ ಕೆಲಸ ಹೋಯಿತು; ಬಾಗಿಲು ತೆರೆಯಿತು.

ಮೊದಲ ಸಂತೆಯ ದಿನವೇ ಗಂಡ ಹೆಂಡತಿ ಆ ಊಟದ ಕೋಣೆಗೆ ಹೋದರು. ಪಂಖಾ ಬರಿಯ ಬಿಳಿ ಬಟ್ಟೆ. ಅಲ್ಲಾಡದೆ ಜೋತುಬಿದ್ದಿತ್ತು.

"ಎಲ್ಲೈತೋ ನಿನ್ನ ಜರಿ? ಇಲಿ ತಿಂದ್ವೇನು?" ಎಂದಳು ಗಾಳೆಮ್ಮ.

ಮೂಕಣ್ಣ ನಗಲಿಲ್ಲ. ಕಾವಲುಗಾರ ಅಂದಾನಪ್ಪನ ಬಳಿ ಹೋದ. "ಅಣ್ಣಾರ, ಒಂದೀಟು ಬೀಸಾಕ ಬಿಡ್ರಿ. ಕೆಳಗ ನಿಂದ್ರತೀನಿ."

"ಏನೂ ಮುಟ್ಟಂಗಿಲ್ಲಪಾ. ಅಮ್ಮಾರ ಹುಕುಂ ಐತಿ."

"ನಾ ಹಿಡಿದು ಸವೆಸಿದ ಹಗ್ಗರೀ ಅದು."

ಅಂದಾನಪ್ಪ ಸುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. "ನಾ ಬೀಡಿ ಸೇದಿ ಬರ್ತೀನಿ. ಜಲ್ದಿ ಮುಗಿಸು."

ಅವನು ಅತ್ತ ಹೋದದ್ದೇ ತಡ, ಮೂಕಣ್ಣ ಹಿಂದಿನ ಪಡಸಾಲೆಗೆ ಹೊರಟ. ಗಾಳೆಮ್ಮ ಅವನ ಹೆಗಲ ವಸ್ತ್ರ ಹಿಡಿದೆಳೆದಳು.

"ಎಲ್ಲಿಗೆ ಹೊಂಟಿ? ನೀ ಅಲ್ಲಿ ಕುಂತ್ರ ಇಲ್ಲಿ ಗಾಳಿ ಯಾರಿಗೆ? ನಿಂದ್ರು ಸುಮ್ನ."

ಅವಳೇ ಹೋಗಿ ಹಗ್ಗ ಹಿಡಿದಳು. ಪಂಖಾ ಜಗ್ಗಾಡಿತು, ಅವನ ತಲೆಯ ಮೇಲೆ ಧೂಳು ಉದುರಿತು. ಆಮೇಲೆ ಎಳೆತ ಹದಕ್ಕೆ ಬಂತು. ಗಾಳಿ ಹಣೆಗೆ ತಾಗಿತು, ಕೊರಳಿಗಿಳಿಯಿತು. ಮೂಕಣ್ಣ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಎಳೆತ ನಿಧಾನವಾಯಿತು. ಅವಳ ರಟ್ಟೆ ಎಲ್ಲಿ ನೋಯುತ್ತಿದೆಯೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

"ಸಾಕು, ಬಿಡು," ಎಂದು ತೂತಿನತ್ತ ಕೂಗಿದ.

"ಹೆಂಗೈತಿ?"

"ತಂಪೈತಿ. ಭಾಳ ತಂಪೈತಿ."

ಅವಳು ಹಗ್ಗ ಬಿಟ್ಟಳು. ಬಾಗಿಲಲ್ಲಿ ಅಂದಾನಪ್ಪ ಕೆಮ್ಮಿ, "ಆತೇನಪಾ?" ಎಂದ.

ಮೂಕಣ್ಣ ಮುಖ ಮೇಲೆತ್ತಿಯೇ ನಿಂತಿದ್ದ. "ತಡೀರಿ ಅಣ್ಣಾ, ಪಂಖಾ ಇನ್ನಾ ಆಡಾಕತ್ತೈತಿ."