ಗುಜರಿ ಓಣಿಯ ಗಂಟಲು

ನಮ್ಮ ಸಂಘದ ಪ್ರತಿಭಟನಾ ಮೆರವಣಿಗೆಗಳಲ್ಲಿ ಮೈಕು ಕೈಕೊಟ್ಟರೆ ಯಾರೂ ಹೆದರುತ್ತಿರಲಿಲ್ಲ, ಗಂಟಲಕ್ಕ ಇದ್ದಳು. ಗುಜರಿ ಆಯುವವರ ಓಣಿಯ ಹೆಂಗಸು. ಅವಳು ಕೂಗಿದರೆ ಪಾಲಿಕೆ ಕಚೇರಿಯ ಮೂರನೇ ಮಹಡಿಯ ಕಿಟಕಿ ತೆರೆಯುತ್ತಿತ್ತು.

ಆ ದನಿ ಕೇಳಿಯೇ ಡಬ್ಬಿಂಗ್ ಸ್ಟುಡಿಯೋದವರು ಕರೆದರು. ಮಕ್ಕಳ ಕಾರ್ಟೂನ್ ಸಿನಿಮಾಗಳ ಹಾಡು. ಹದಿನೆಂಟು ವರ್ಷ ಹಾಡಿದಳು. ರಾಜಕುಮಾರಿಗೆ ಹಾಡಲು ಜೇನಿನಂಥ ಗಂಟಲಿನವರು ಬೇರೆ ಇದ್ದರು. ಇವಳಿಗೆ ಮಾಟಗಾತಿ, ಕಳ್ಳರ ಗುಂಪು, ಹೂಂ ಹಾಂ ಎನ್ನುತ್ತ ಕುಣಿಯುವ ಕಾಡಿನವರು.

ಹೋದ ವರ್ಷ ಚಿಂದಿ ಆಯುವವರ ತಮಾಷೆ ಹಾಡೊಂದನ್ನು ಹಾಡಿ, ಖುಷಿಯಿಂದ ಓಣಿಗೆಲ್ಲ ತಾನೇ ಕೇಳಿಸಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ವಾರದೊಳಗೆ ಶಾಲೆಯ ಮಕ್ಕಳು ಅದೇ ಹಾಡು ಹೇಳಿ ಅವಳ ಮೊಮ್ಮಗಳ ಮುಂದೆ ಮೂಗು ಮುಚ್ಚಿಕೊಂಡರು. ಹುಡುಗಿ ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ಅಜ್ಜಿ, ನೀನ್ಯಾಕೆ ಹಾಗೆ ಹಾಡ್ದೆ?"

ಈ ವರ್ಷ ಅದೇ ಸಿನಿಮಾದ ಎರಡನೇ ಭಾಗ ಡಬ್ಬಿಂಗ್‌ಗೆ ಬಂತು. ಸಾಲು ಹೀಗಿತ್ತು: "ಮೈಗೆ ನೀರು ಕಾಣದೋರು ನಾವು, ಮಾತು ನಿಜ ಆಡದೋರು ನಾವು."

"ಇದನ್ನ ಹಾಡಲ್ಲ ಸಾರ್."

ಸಂಗೀತದವನು ನಕ್ಕ. "ತಮಾಷೆಗೆ ಅಕ್ಕಾ! ಮಕ್ಕಳ ಸಿನಿಮಾ. ನಿಮ್ಮ ಓಣೀಲಿ ಮಾತಾಡೋ ಥರ ಒಂಚೂರು ಒರಟಾಗಿ ಎಳೀರಿ, ಸಾಕು."

"ನಮ್ಮ ಓಣೀಲಿ ದಿನಾ ಸ್ನಾನ ಮಾಡ್ತಾರೆ. ಮಾಡ್ದೆ ಇದ್ರೆ ನಮ್ಮ ನಾದಿನಿ ಒಳಗೇ ಬಿಡಲ್ಲ. ಸಾಲು ಬದಲಾಯಿಸಿ."

"ಆಗಲ್ಲ. ಪರದೆ ಮೇಲೆ ಗೊಂಬೆ ತುಟಿ ಎಲ್ಲಿ ಮುಚ್ಚುತ್ತೋ ನಮ್ಮ ಮಾತಲ್ಲೂ ಅಲ್ಲೇ ಮುಚ್ಚಬೇಕು. ಗೊತ್ತಲ್ಲ?"

ಅವಳಿಗೆ ಗೊತ್ತಿಲ್ಲದೆ ಏನು? ತುಟಿ ಮುಚ್ಚುವುದು ಎರಡೇ ಕಡೆ, 'ಮೈ' ಮತ್ತು 'ಮಾತು' ಅನ್ನುವಲ್ಲಿ. 'ಬ' ಅಂದರೂ ತುಟಿ ಮುಚ್ಚುತ್ತದೆ. ಹೆಡ್‌ಫೋನ್ ಏರಿಸಿ ಹಾಡಿಯೇಬಿಟ್ಟಳು:

"ಬೀದಿಗೆಲ್ಲ ಸುರಿದೋರು ನೀವು, ಬಾಚಿ ತಲೆಗೆ ಹೊತ್ತೋರು ನಾವು."

ಗೊಂಬೆಯ ಬಾಯಿಗೆ ಕೂದಲೆಳೆ ತಪ್ಪದೆ ಕೂತಿತು. ರೆಕಾರ್ಡಿಂಗ್ ಹುಡುಗಿ ಚಪ್ಪಾಳೆ ತಟ್ಟಲು ಹೋಗಿ ಕೈ ಮಡಚಿಕೊಂಡಳು.

"ಚೆನ್ನಾಗಿದೆ," ಎಂದ ಅವನು. "ಕಂಪನಿಯವರು ಒಪ್ಪಲ್ಲ. ಬರೆದಿರೋದನ್ನ ಹಾಡಿ. ಇಲ್ಲಾಂದ್ರೆ ನಂಗೆ ಹತ್ತು ಗಂಟಲು ಸಿಗುತ್ತೆ."

"ನೂರು ಸಿಗ್ಲಿ. ಇದು ಸಿಗಲ್ಲ." ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ ಹೊರಬಂದಳು. ಅವರು ಮತ್ತೆ ಕರೆಯಲಿಲ್ಲ. ಈಗ ನಾದಿನಿಯ ಜೊತೆ ತಗಡು, ಬಾಟಲಿ ಬೇರೆಮಾಡುತ್ತಾಳೆ. ಕಷ್ಟವಿದೆ. ಯಾರೂ ಅಯ್ಯೋ ಅನ್ನಬೇಕಿಲ್ಲ.

ಸಿನಿಮಾ ಬಂತು, ಅದೇ ಸಾಲು, ಬೇರೆಯವರ ಗಂಟಲು. ಶಾಲೆಯಲ್ಲಿ ಮತ್ತೆ ಶುರುವಾಯಿತು. ಈ ಸಲ ಮೊಮ್ಮಗಳು ಬೆಂಚು ಹತ್ತಿ ಕೂಗಿದಳಂತೆ: "ಇದನ್ನ ನಮ್ಮಜ್ಜಿ ಹಾಡಿಲ್ಲ! ಹಾಡಲ್ಲ ಅಂತ ಮುಖಕ್ಕೇ ಹೇಳಿ ಬಂದ್ಲು! ಈಗ ಯಾರು ಹಾಡ್ತೀರೋ ಮುಂದೆ ಬನ್ನಿ!"

ಟೀಚರ್ ಕೆಳಗಿಳಿ ಎಂದರಂತೆ. ಅವಳು ಇಳಿಯಲಿಲ್ಲ.